‘ಬೋರ್ಡು’, ‘ಬೋರ್ಡಿಂಗು’: ಒಂದು ಶಬ್ದವಿಚಾರ

ಮುಂಬಯಿಯ ಮಾಟುಂಗದಲ್ಲಿ, ರೈಲು ನಿಲ್ದಾಣದ ಬಳಿ, ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಊಟದ ಮನೆಗೆ ‘ಉಡುಪಿ ಶ್ರೀಕೃಷ್ಣ ಬೋರ್ಡಿಂಗ್’ ಎಂದು ಹೆಸರು. ಅದು ಬಾಳೆಯೆಲೆಯ ಊಟಕ್ಕೆ ಹೆಸರಾದ ಸ್ಥಳವೇ ಹೊರತು ತಂಗುದಾಣವಲ್ಲ. ‘ಬೋರ್ಡಿಂಗ್’ ಎಂದರೆ ವಸತಿಯಲ್ಲವೇ, ಬರಿಯ ಊಟದ ಮನೆಗೆ ಆ ಹೆಸರು ಅಪಪ್ರಯೋಗವಲ್ಲವೇ ಎಂದು ಆಕ್ಷೇಪಿಸುವುದು ಸುಲಭ. ಶಬ್ದದ ಚರಿತ್ರೆಯನ್ನು ಪರಿಶೀಲಿಸಿದರೆ ಆಕ್ಷೇಪವೇ ನಿಲ್ಲದು.

ಹಳೆಯ ಇಂಗ್ಲಿಷಿನಲ್ಲಿ ‘ಬೋರ್ಡ್’ ಎಂದರೆ ಮರದ ಹಲಗೆ. ಅಂಚು, ಹಡಗಿನ ಪಾರ್ಶ್ವ ಎಂಬ ಅರ್ಥವುಳ್ಳ ಬೇರೊಂದು ಶಬ್ದವೂ ಇದರೊಡನೆ ಬೆರೆತು ಏಕರೂಪವಾಯಿತೆಂದು ನಿಘಂಟುಕಾರರ ಅಭಿಪ್ರಾಯ. ಹಡಗನ್ನೇರುವ ಅರ್ಥ ಬಂದದ್ದು ಆ ಎರಡನೆಯ ಮೂಲದಿಂದ. ಹಳೆಯ ಇಂಗ್ಲಿಷ್ ಕಾವ್ಯದಲ್ಲಿ ‘ಬೋರ್ಡ್’ ಗುರಾಣಿಯೂ ಹೌದು. ಸಂಸ್ಕೃತದ ‘ಫಲಕ’ಕ್ಕೂ ಹಳಗನ್ನಡದ ‘ಪಲಗೆ’ಗೂ ಹಲಗೆ, ಗುರಾಣಿ ಎಂಬ ಇದೇ ಎರಡರ್ಥಗಳಿರುವುದು ಗಮನಾರ್ಹ. ಇಂಗ್ಲಿಷಿನೊಡನೆ ಇರುವ ಈ ಹೋಲಿಕೆ ಎರವಲಲ್ಲ, ಮರದಿಂದ ಗುರಾಣಿ ಮಾಡಿಕೊಂಡ ಜನರು ಬೇರೆಬೇರೆಯಾಗಿ ಕಂಡುಕೊಂಡ ಸಾಮ್ಯ.

ಮುಂದೆ ಹಲಗೆ ಮೇಜಾಯಿತು. ಆಧಾರದ ಹೆಸರು ಆಧೇಯಕ್ಕೆ ಸಲ್ಲುವ ಲಕ್ಷಣಾವೃತ್ತಿಯಿಂದ ಮೇಜಿನ ಹೆಸರು ಅದರ ಮೇಲಿನ ಊಟಕ್ಕೆ ಬಂದಿತು. ಅದೇ ಮೇಜಿನ ಸುತ್ತ ಕುಳಿತು ಆಲೋಚನೆ ನಡೆಸಿದವರು ‘ಬೋರ್ಡು’, ಅಂದರೆ ಮಂಡಲಿ, ಎನಿಸಿದರು. ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ ಎಂಬ ಜೋಡಿಯಲ್ಲಿ ಮೊದಲನೆಯದು ಊಟ, ಎರಡನೆಯದು ವಸತಿ. ಊಟ ವಸತಿಗಳೆರಡೂ ಒಂದೆಡೆ ದೊರೆಯುವ ಗೃಹಗಳಿಗೂ ಶಾಲೆಗಳಿಗೂ ‘ಬೋರ್ಡಿಂಗ್’ ಎಂಬ ಹೆಸರು ನಿಂತುದರಿಂದ ವಸತಿಯೇ ಮುಖ್ಯಾರ್ಥವೆಂಬ ಭ್ರಮೆ ಹುಟ್ಟಿತು. ಮಾಟುಂಗದ ನಾಮಫಲಕ ಊಟವೆಂಬ ಹಳೆಯ ಅರ್ಥವನ್ನೇ ಉಳಿಸಿಕೊಂಡಿದೆ. ಅದು ತಪ್ಪಲ್ಲ, ಆಕ್ಷೇಪಕ್ಕಿಂತ ಹೆಚ್ಚು ನಿಷ್ಕೃಷ್ಟ.

ಇನ್ನು ಈ ಶಬ್ದವನ್ನು ಕನ್ನಡಿಸುವ ಪ್ರಶ್ನೆ. ‘ಮಂಡಲಿ’, ‘ಫಲಕ’ಗಳು ಆಯಾ ಅರ್ಥಕ್ಕೆ ಸರಿಯಾಗಿಯೇ ಒದಗುತ್ತವೆ. ಊಟದ ಅರ್ಥಕ್ಕೆ ಹತ್ತಿರವಾದ ದೇಶ್ಯ ಭಾವನೆ ‘ಮಣೆ’ಯಲ್ಲಿದೆ; ‘ಮಣೆ ಹಾಕು’ ಎಂದರೆ ಆದರಿಸು ಎಂದೇ ಅರ್ಥ. ಇಲ್ಲಿಯೂ ಹಲಗೆಯೇ ಆತಿಥ್ಯವಾಗಿದೆ. ಆದರೆ ಮಣೆಯ ಹಿಂದೆ ಪಂಕ್ತಿಯಿದೆ, ಪಂಕ್ತಿಯ ಹಿಂದೆ ಪಂಕ್ತಿಭೇದವಿದೆ. ಯಾರ ಪಕ್ಕದಲ್ಲಿ ಯಾರಿಗೆ ಮಣೆ ಎಂಬುದನ್ನು ಕುಲ ನಿರ್ಣಯಿಸುತ್ತಿದ್ದ ಕಾಲದ ನೆನಪು ಆ ಶಬ್ದಗಳಿಂದ ಪೂರ್ತಿ ಅಳಿದಿಲ್ಲ. ಬೋರ್ಡಿಂಗಿನ ಬಾಗಿಲಲ್ಲಿ ಕೇಳತಕ್ಕದ್ದು ಊಟದ ಬೆಲೆಯೇ ಹೊರತು ಗೋತ್ರವಲ್ಲ. ಹೆಸರೊಂದರಿಂದಲೇ ಈ ಸ್ಥಿತಿ ಒದಗಿತೆನ್ನಲಾಗದು. ಹಿಂದಿನ ಊಟದ ಮನೆಗಳೂ ಜಾತಿಯ ಕಟ್ಟಿಗೆ ಹೊರತಾಗಿರಲಿಲ್ಲ. ಸಾರ್ವಜನಿಕ ಉಪಾಹಾರಗೃಹಗಳಲ್ಲಿ ಜಾತಿಯ ಕಾರಣದಿಂದ ಯಾರಿಗೂ ಪ್ರವೇಶವನ್ನು ನಿರ್ಬಂಧಿಸಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಹೇಳಬೇಕಾಯಿತು. ಆದರೂ ಕುಲದ ಗುರುತಿಲ್ಲದ ಪರಶಬ್ದವೊಂದು ಈ ಹೊಸ ಸಹಭೋಜನಕ್ಕೆ ಚೆನ್ನಾಗಿ ಒಪ್ಪಿತು.

ಶಬ್ದಶುದ್ಧಿಯನ್ನು ಬಯಸುವವರು ಇದನ್ನು ಗಮನಿಸಬೇಕು. ಪರಶಬ್ದವನ್ನು ತೆಗೆದು ದೇಶ್ಯವನ್ನಿಡುವಾಗ ನಿಘಂಟಿನ ಅರ್ಥವನ್ನು ತೂಗಿದರೆ ಸಾಲದು. ಆ ಶಬ್ದದ ನೆರಳಿನಲ್ಲಿ ಯಾರು ಯಾರೊಡನೆ ಕುಳಿತು ಉಂಡರೆಂಬುದನ್ನೂ ತೂಗಬೇಕು.