ಚೆಂಡನ್ನು ಬಿಟ್ಟು ನೋಡಿ: ಕೈಲ್ ಹೈನ್ಸ್‌ನನ್ನು ಸವಿಯುವ ಬಗೆ

ಬ್ಯಾಸ್ಕೆಟ್‌ಬಾಲ್ ಹೊಸದಾಗಿ ನೋಡುವವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಅದೇನೂ ಅಪರಾಧವಲ್ಲ, ಅಂಕ ಬರುವುದು ಚೆಂಡಿನಿಂದಲೇ. ಆದರೆ ಒಬ್ಬನ ಕೈಯಲ್ಲಿ ಚೆಂಡಿರುವಾಗ ಕೋರ್ಟಿನಲ್ಲಿ ಇನ್ನೂ ಒಂಬತ್ತು ಜನ ಇರುತ್ತಾರೆ. ಆ ಚೆಂಡು ಬುಟ್ಟಿ ಸೇರುತ್ತದೋ ಇಲ್ಲವೋ ಎಂಬುದು ಹೆಚ್ಚಿನ ಸಲ ಅವರ ನಡುವೆಯೇ ತೀರ್ಮಾನವಾಗಿರುತ್ತದೆ. ಯಕ್ಷಗಾನಕ್ಕೆ ಹೋಗಿ ವೇಷವನ್ನಷ್ಟೇ ನೋಡಿ, ಭಾಗವತರನ್ನೂ ಮದ್ದಳೆಯನ್ನೂ ಕಿವಿಗೆ ಹಾಕಿಕೊಳ್ಳದೆ ಎದ್ದು ಬಂದವರಿಗೆ ಅರ್ಧ ಆಟವೇ ಸಿಕ್ಕಿರುತ್ತದೆ. ಈ ಆಟಕ್ಕೂ ಒಂದು ಹಿಮ್ಮೇಳವಿದೆ. ಅದನ್ನು ಹಿಡಿಯಲು ಸುಲಭದ ದಾರಿಯೆಂದರೆ ಹಿಮ್ಮೇಳದವನೊಬ್ಬನನ್ನು ಆರಿಸಿಕೊಂಡು ಅವನನ್ನೇ ನೋಡುತ್ತ ಹೋಗುವುದು. ನನ್ನ ಆಯ್ಕೆ ಅಮೆರಿಕದ ಕೈಲ್ ಹೈನ್ಸ್. ಎನ್‌ಬಿಎಯಲ್ಲಿ ಒಂದೇ ಒಂದು ಪಂದ್ಯ ಆಡದವನು. ಯುರೋಪಿನ ಅತಿ ದೊಡ್ಡ ಕಿರೀಟವಾದ ಯುರೋಲೀಗನ್ನು ನಾಲ್ಕು ಸಲ ಗೆದ್ದವನು.

ಮೊದಲು ಅವನ ಮೈಕಟ್ಟಿನ ವಿಷಯ. ಹೈನ್ಸ್ 1986ರಲ್ಲಿ ಹುಟ್ಟಿ ನ್ಯೂಜೆರ್ಸಿಯಲ್ಲಿ ಬೆಳೆದವನು. ಎತ್ತರ ಆರಡಿ ಆರಂಗುಲ. ನಮ್ಮ ಬಸ್ಸಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾದ ಎತ್ತರವೇ ಸರಿ, ಆದರೆ ಅವನು ಆಡುತ್ತಿದ್ದದ್ದು ಸೆಂಟರ್ ಸ್ಥಾನದಲ್ಲಿ, ಅಂದರೆ ಬುಟ್ಟಿಯ ಕೆಳಗಿನ ಕಾವಲಿನಲ್ಲಿ. ಆ ಕಾಲದಲ್ಲಿ ಅಲ್ಲಿ ನಿಲ್ಲುತ್ತಿದ್ದವರು ಸಾಮಾನ್ಯವಾಗಿ ಏಳಡಿಯ ಆಸುಪಾಸಿನವರು. ನಾರ್ತ್ ಕ್ಯಾರೊಲಿನಾದ ಗ್ರೀನ್ಸ್‌ಬರೊ ವಿಶ್ವವಿದ್ಯಾಲಯದ ತಂಡದಲ್ಲಿ ನಾಲ್ಕು ವರ್ಷ ಆಡಿ ಅವನು 2,000ಕ್ಕೂ ಹೆಚ್ಚು ಅಂಕ, 1,000ಕ್ಕೂ ಹೆಚ್ಚು ರಿಬೌಂಡ್, 300ಕ್ಕೂ ಹೆಚ್ಚು ಬ್ಲಾಕ್ ಗಳಿಸಿದ. ಈ ಮೂರನ್ನೂ ಒಟ್ಟಿಗೆ ದಾಟಿದವರು ಅಮೆರಿಕದ ಕಾಲೇಜು ಆಟದಲ್ಲಿ ಬೆರಳೆಣಿಕೆಯಷ್ಟು ಮಂದಿ. ಆದರೂ 2008ರ ಎನ್‌ಬಿಎ ಡ್ರಾಫ್ಟಿನಲ್ಲಿ ಕರೆದ 60 ಹೆಸರುಗಳಲ್ಲಿ ಅವನದಿರಲಿಲ್ಲ. ಸೆಂಟರ್ ಆಗಲು ಗಿಡ್ಡ, ಹೊರಗಿನಿಂದ ಚೆಂಡು ಎಸೆಯುವ ಫಾರ್ವರ್ಡ್ ಆಗಲು ಎಸೆತ ಸಾಲದು. ಆಯ್ಕೆದಾರರ ಲೆಕ್ಕ ಆ ಹೊತ್ತಿಗೆ ಅಷ್ಟೇ.

ಅವನು ಹೊರಟದ್ದು ಇಟಲಿಗೆ. ಅದೂ ಮೊದಲ ದರ್ಜೆಯ ಲೀಗಿಗಲ್ಲ, ರೋಮಿನ ಆಗ್ನೇಯಕ್ಕಿರುವ ವೆರೊಲಿ ಎಂಬ ಬೆಟ್ಟದೂರಿನ ಎರಡನೇ ದರ್ಜೆಯ ತಂಡಕ್ಕೆ. ಇಂಥ ಲೀಗುಗಳಲ್ಲಿ ತಂಡಕ್ಕೆ ಇಷ್ಟೇ ವಿದೇಶಿಯರು ಎಂಬ ಮಿತಿಯಿರುತ್ತದೆ. ಹಾಗಾಗಿ ಕರೆಸಿಕೊಂಡ ಅಮೆರಿಕನ್ನನು ಅಂಕ ಗಳಿಸಲೇಬೇಕು. ತಂಡ ನಾಲ್ಕು ಪಂದ್ಯ ಸೋತರೆ ಮೊದಲು ಗಂಟುಮೂಟೆ ಕಟ್ಟುವವನೂ ಅವನೇ. ಹೈನ್ಸ್ ಅಲ್ಲಿ ಎರಡು ಋತು ಉಳಿದ. 2010ರಲ್ಲಿ ಜರ್ಮನಿಯ ಬಾಂಬರ್ಗ್ ತಂಡ ಸೇರಿ, ಅಲ್ಲಿಂದ ಮೊದಲ ಸಲ ಯುರೋಲೀಗಿನಲ್ಲಿ ಆಡಿದ. ಮರುವರ್ಷ ಗ್ರೀಸಿನ ಒಲಿಂಪಿಯಾಕೋಸ್ ಕರೆಯಿತು. ಅವನ ಕಥೆ ನಿಜವಾಗಿ ಶುರುವಾಗುವುದು ಅಲ್ಲಿಂದ.

ಇನ್ನು ನೋಡುವ ಬಗೆ. ಅವನ ತಂಡದ ಕೈಯಲ್ಲಿ ಚೆಂಡಿರುವಾಗ ಅವನ ಪಾದಗಳನ್ನು ನೋಡಿ. ಚೆಂಡು ತಟ್ಟುತ್ತ ಬರುವ ಗಾರ್ಡ್‌ನ ಹತ್ತಿರಕ್ಕೆ ಹೈನ್ಸ್ ಓಡಿ ಬಂದು, ಎದುರಾಳಿ ಕಾವಲುಗಾರನ ದಾರಿಯಲ್ಲಿ ಗೋಡೆಯಾಗಿ ನಿಲ್ಲುತ್ತಾನೆ. ಇದೇ ಸ್ಕ್ರೀನ್. ನಿಂತ ಮೇಲೆ ಅಲುಗಿದರೆ ಫೌಲ್, ಅರೆಕ್ಷಣ ತಡವಾಗಿ ಬಂದರೆ ಬಂದೂ ಪ್ರಯೋಜನವಿಲ್ಲ. ಹೈನ್ಸ್‌ನ ವಿಶೇಷವೆಂದರೆ ನಿಲ್ಲುವ ಕೋನ. ಎದೆಯನ್ನು ಎತ್ತ ತಿರುಗಿಸಿ ನಿಲ್ಲಬೇಕೆಂಬುದನ್ನು ಅವನು ಕೊನೆಯ ಹೆಜ್ಜೆಯಲ್ಲಿ ಬದಲಿಸುತ್ತಾನೆ. ಕಾವಲುಗಾರ ಎಡಕ್ಕೆ ಸಿದ್ಧನಾಗಿದ್ದರೆ ಗೋಡೆ ಬಲಕ್ಕೆ ಎದ್ದಿರುತ್ತದೆ. ತಕ್ಷಣ ತಿರುಗಿ ಬುಟ್ಟಿಯ ಕಡೆ ಧಾವಿಸುತ್ತಾನೆ. ಈ ಜೋಡಿ ಚಲನೆಗೆ ಪಿಕ್ ಅಂಡ್ ರೋಲ್ ಎನ್ನುತ್ತಾರೆ. ಪಾಸ್ ಅವನಿಗೆ ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದಾಗಲೇ ಗಮನವಿಟ್ಟು ನೋಡಬೇಕು: ಅವನನ್ನು ತಡೆಯಲು ಇಬ್ಬರು ಒಳಗೆ ಸರಿದಿರುತ್ತಾರೆ, ಮೂಲೆಯಲ್ಲಿ ಒಬ್ಬ ಸಹ ಆಟಗಾರ ಒಂಟಿಯಾಗಿ ಉಳಿದಿರುತ್ತಾನೆ. ಅವನು ಮೂರು ಅಂಕದ ಎಸೆತ ಹಾಕುತ್ತಾನೆ, ಕ್ಯಾಮೆರಾ ಅವನತ್ತ ತಿರುಗುತ್ತದೆ. ಆ ಮೂರು ಅಂಕದ ಮೂಲ ಹೈನ್ಸ್‌ನ ಓಟ. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಲಮೇ ಇಲ್ಲ.

ಎದುರಾಳಿಯ ಕೈಗೆ ಚೆಂಡು ಹೋದಾಗ ಅವನ ಸೊಂಟವನ್ನು ನೋಡಿ. ನನ್ನ ಮಟ್ಟಿಗೆ ಅವನ ಆಟದ ಸಾರ ಇರುವುದು ಇಲ್ಲಿ. ಎದುರಾಳಿಯೂ ಸ್ಕ್ರೀನ್ ಹಾಕುತ್ತಾನೆ, ಹೈನ್ಸ್‌ನ ಜೊತೆಗಾರ ಅದಕ್ಕೆ ಸಿಕ್ಕಿಹಾಕಿಕೊಳ್ಳುತ್ತಾನೆ. ಸಾಮಾನ್ಯ ಸೆಂಟರ್ ಆಗಿದ್ದರೆ ಹಿಂದೆ ಸರಿದು ಬುಟ್ಟಿ ಕಾಯುತ್ತಾನೆ, ಮುಂದೆ ಬಂದರೆ ಚುರುಕಿನ ಗಾರ್ಡ್ ಅವನನ್ನು ಎರಡೇ ಹೆಜ್ಜೆಯಲ್ಲಿ ದಾಟಿ ನಗೆಪಾಟಲು ಮಾಡುತ್ತಾನೆ. ಹೈನ್ಸ್ ಹಿಂದೆ ಸರಿಯುವುದಿಲ್ಲ. ಕಾವಲು ಅದಲುಬದಲು ಮಾಡಿಕೊಂಡು ಆ ಗಾರ್ಡ್‌ನ ಎದುರು ತಾನೇ ನಿಲ್ಲುತ್ತಾನೆ. ಇದು ಸ್ವಿಚ್. ಸೊಂಟ ತಗ್ಗಿಸಿ, ಉದ್ದ ತೋಳು ಚಾಚಿ, ಪಕ್ಕಕ್ಕೆ ಜಾರುತ್ತ ಹೋಗುತ್ತಾನೆ. ಒಂದು ದಾಳಿಗೆ ಸಿಗುವುದು 24 ಸೆಕೆಂಡು. ಗಾರ್ಡ್ ಎಡಕ್ಕೆ ಹೋಗಿ, ಬಲಕ್ಕೆ ಬಂದು, ಕೊನೆಗೆ ಗಡಿಯಾರ ನೋಡಿಕೊಂಡು ಗುರಿಯಿಲ್ಲದ ಎಸೆತವೊಂದನ್ನು ಎಸೆಯುತ್ತಾನೆ. ಪಟ್ಟಿಯಲ್ಲಿ ಅದು ಆ ಗಾರ್ಡ್‌ನ ಗುರಿ ತಪ್ಪಿದ ಎಸೆತ, ಅಷ್ಟೇ.

ಈ ಕೌಶಲಕ್ಕೆ ಯುರೋಪಿನಲ್ಲಿ ಅಷ್ಟು ಬೆಲೆ ಬಂದದ್ದೇಕೆ? ನಿಯಮಗಳಲ್ಲಿ ಉತ್ತರವಿದೆ. ಎನ್‌ಬಿಎಯಲ್ಲಿ ಕಾವಲುಗಾರನೊಬ್ಬ ಯಾರನ್ನೂ ಹತ್ತಿರದಿಂದ ಕಾಯದೆ ಬುಟ್ಟಿಯ ಕೆಳಗಿನ ಆಯತದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಯುರೋಪಿನಲ್ಲಿ ಈ ಕಟ್ಟಳೆ ಇಲ್ಲ. ಮೂರು ಅಂಕದ ಗೆರೆಯೂ ಅಲ್ಲಿ ಹತ್ತಿರ: ಎನ್‌ಬಿಎಯ 7.24 ಮೀಟರಿಗೆ ಎದುರಾಗಿ 6.75 ಮೀಟರ್. ಹೀಗಾಗಿ ಒಳಗೆ ಸದಾ ಜನಸಂದಣಿ. ಒಬ್ಬನೇ ಚೆಂಡು ಹಿಡಿದು ನುಗ್ಗುವುದು ಕಷ್ಟ, ಪಿಕ್ ಅಂಡ್ ರೋಲ್ ಇಲ್ಲದೆ ದಾಳಿಯೇ ನಡೆಯುವುದಿಲ್ಲ. ಅದನ್ನು ಮುರಿಯಬಲ್ಲವನು ಚಿನ್ನಕ್ಕೆ ಸಮ. ಪಂದ್ಯ 48 ನಿಮಿಷದ್ದಲ್ಲ, 40 ನಿಮಿಷದ್ದು. ಆರಲ್ಲ, ಐದು ಫೌಲಿಗೇ ಆಟಗಾರ ಹೊರಗೆ. ಒಂದೊಂದು ದಾಳಿಗೂ ತೂಕ ಹೆಚ್ಚು. ಕಿರೀಟ ಎನ್‌ಬಿಎಯಂತೆ ಏಳು ಪಂದ್ಯಗಳ ಸರಣಿಯಲ್ಲಿ ತೀರ್ಮಾನವಾಗುವುದಿಲ್ಲ. ಫೈನಲ್ ಫೋರ್ ಎಂಬ ವಾರಾಂತ್ಯದಲ್ಲಿ ಒಂದು ಸೆಮಿಫೈನಲ್, ಒಂದು ಫೈನಲ್, ಮುಗಿಯಿತು.

ಆ ವಾರಾಂತ್ಯಗಳ ಇತಿಹಾಸವೇ ಹೈನ್ಸ್‌ನ ಜಾತಕ. 2012ರ ಇಸ್ತಾಂಬುಲ್ ಫೈನಲ್ಲಿನಲ್ಲಿ ಒಲಿಂಪಿಯಾಕೋಸ್ ಮೂರನೇ ಕ್ವಾರ್ಟರಿನಲ್ಲಿ ಸಿಎಸ್‌ಕೆಎ ಮಾಸ್ಕೋ ವಿರುದ್ಧ 19 ಅಂಕ ಹಿಂದಿತ್ತು. ಅಲ್ಲಿಂದ ಎದ್ದು ಬಂದು, ಸೆಕೆಂಡು ಕೂಡ ಉಳಿಯದಿದ್ದಾಗ ಹೈನ್ಸ್‌ನ ಸಹ ಆಟಗಾರ ಪ್ರಿಂಟೆಜಿಸ್ ಹಾಕಿದ ಚೆಂಡಿನಿಂದ 62-61ರಲ್ಲಿ ಗೆದ್ದಿತು. ಮರುವರ್ಷ ಲಂಡನ್ನಿನಲ್ಲಿ ರಿಯಲ್ ಮ್ಯಾಡ್ರಿಡ್ ಮೊದಲ ಕ್ವಾರ್ಟರಿನಲ್ಲೇ 27-10 ಮುಂದೆ ಹೋದರೂ ಒಲಿಂಪಿಯಾಕೋಸ್ 100-88ರಿಂದ ಕಿರೀಟ ಉಳಿಸಿಕೊಂಡಿತು. ಆಮೇಲೆ ಹೈನ್ಸ್ ಹೋದದ್ದು ಎಲ್ಲಿಗೆ? ತಾನು ಸೋಲಿಸಿದ ಸಿಎಸ್‌ಕೆಎಗೇ. ಅಲ್ಲಿದ್ದ ಏಳು ಋತುಗಳಲ್ಲಿ 2014ರಿಂದ 2019ರವರೆಗೆ ಪ್ರತಿವರ್ಷ ಫೈನಲ್ ಫೋರ್ ತಲುಪಿದ. 2016ರಲ್ಲಿ ಬರ್ಲಿನ್ನಿನಲ್ಲಿ, 2019ರಲ್ಲಿ ಸ್ಪೇನಿನ ವಿಟೋರಿಯಾದಲ್ಲಿ ಗೆದ್ದ. ನಡುವೆ 2015ರಲ್ಲೂ 2017ರಲ್ಲೂ ಸೆಮಿಫೈನಲ್ಲಿನಲ್ಲಿ ಅವನ ದಾರಿ ಮುಚ್ಚಿದ್ದು ಹಳೆಯ ಮನೆ ಒಲಿಂಪಿಯಾಕೋಸೇ! 2020ರಲ್ಲಿ ಇಟಲಿಗೆ ಮರಳಿದ, ಈ ಸಲ ಮಿಲಾನಿಗೆ. 2022ರಲ್ಲಿ, 35ರ ವಯಸ್ಸಿನಲ್ಲಿ, ಮೂರನೇ ಬಾರಿ ಯುರೋಲೀಗಿನ ಅತ್ಯುತ್ತಮ ರಕ್ಷಕ ಎನಿಸಿಕೊಂಡ. 2024ರಲ್ಲಿ ಆಟ ನಿಲ್ಲಿಸಿದ.

ಇಷ್ಟೆಲ್ಲ ಗೆದ್ದವನ ಯುರೋಲೀಗ್ ಸರಾಸರಿ ಪಂದ್ಯಕ್ಕೆ ಹತ್ತು ಅಂಕವನ್ನೂ ಮುಟ್ಟುವುದಿಲ್ಲ. ಅಂಕಪಟ್ಟಿ ಓದಿ ಆಟ ಅರ್ಥಮಾಡಿಕೊಳ್ಳುತ್ತೇನೆ ಎನ್ನುವವರು ಇಲ್ಲಿ ಸ್ವಲ್ಪ ನಿಲ್ಲಲಿ.

ಹೊರದೇಶದಲ್ಲಿ ಆಡುವ ಅಮೆರಿಕನ್ನರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ಬಾಬ್ ಮೆಕಡೂ 1975ರಲ್ಲೇ ಎನ್‌ಬಿಎಯ ಅತ್ಯಮೂಲ್ಯ ಆಟಗಾರ ಎನಿಸಿಕೊಂಡು, ಸಂಜೆಗಾಲದಲ್ಲಿ ಮಿಲಾನಿಗೆ ಬಂದು 1987 ಮತ್ತು 1988ರಲ್ಲಿ ಯುರೋಪಿಯನ್ ಕಪ್ ಗೆದ್ದ. ಸ್ಟೀಫನ್ ಮಾರ್ಬರಿ ತವರಿನಲ್ಲಿ ಹೆಸರು ಕೆಡಿಸಿಕೊಂಡು ಚೀನಾಕ್ಕೆ ಹೋಗಿ, ಬೀಜಿಂಗ್ ತಂಡಕ್ಕೆ ಮೂರು ಬಾರಿ ಪ್ರಶಸ್ತಿ ತಂದು ಅಲ್ಲಿನವರ ಕಣ್ಮಣಿಯಾದ. ಆಂಟನಿ ಪಾರ್ಕರ್ ಎನ್‌ಬಿಎಯಲ್ಲಿ ನೆಲೆ ಕಾಣದೆ ಟೆಲ್ ಅವೀವಿನ ಮಕಾಬಿ ಸೇರಿ, 2005ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ತಂಡವನ್ನು ಅದರ ಅಂಗಳದಲ್ಲೇ ಕೊನೆಯ ಸೆಕೆಂಡಿನ ಎಸೆತದಿಂದ ಸೋಲಿಸಿದ. ಮರುವರ್ಷ ಅದೇ ಟೊರಾಂಟೊ ಅವನನ್ನು ಕರೆದುಕೊಂಡಿತು. ಹೈನ್ಸ್ ಈ ಮೂವರಲ್ಲಿ ಯಾರ ಹಾಗೂ ಅಲ್ಲ. ಅವನಿಗೆ ಯುರೋಪ್ ವಿಶ್ರಾಂತಿಧಾಮವೂ ಆಗಿರಲಿಲ್ಲ, ತವರಿಗೆ ಮರಳುವ ಏಣಿಯೂ ಆಗಿರಲಿಲ್ಲ. ಇಡೀ ವೃತ್ತಿಜೀವನವೇ ಅಲ್ಲಿತ್ತು.

ಅವನು ತಪ್ಪು ಕಾಲದಲ್ಲಿ ಹುಟ್ಟಿದನೇ ಎಂಬ ಹರಟೆಯನ್ನು ಅಭಿಮಾನಿಗಳು ಇನ್ನೂ ಬಿಟ್ಟಿಲ್ಲ. ಅಷ್ಟೇ ಎತ್ತರದ ಡ್ರೇಮಂಡ್ ಗ್ರೀನ್‌ನನ್ನು ಸೆಂಟರ್ ಜಾಗದಲ್ಲಿ ನಿಲ್ಲಿಸಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2015ರಲ್ಲಿ ಎನ್‌ಬಿಎ ಗೆದ್ದಿತು. ಆಮೇಲೆ ಗಿಡ್ಡ ಸೆಂಟರ್, ಎಲ್ಲರನ್ನೂ ಕಾಯಬಲ್ಲ ಸ್ವಿಚ್ ಎಲ್ಲ ಅಮೆರಿಕದಲ್ಲೂ ಫ್ಯಾಶನ್ ಆಯಿತು. ಹೈನ್ಸ್ ಅಷ್ಟರಲ್ಲಿ ಅದೇ ಕೆಲಸ ಮಾಡಿ ಯುರೋಪಿನಲ್ಲಿ ಎರಡು ಕಿರೀಟ ಗೆದ್ದಾಗಿತ್ತು. ನನ್ನನ್ನು ಕೇಳಿದರೆ, ನಷ್ಟವಾದದ್ದು ಎನ್‌ಬಿಎಗೆ.

ನೋಡುವಾಗ ಕಿವಿಯೂ ತೆರೆದಿರಲಿ. ತವರೂರಾದ ಪಿರೇಯಸ್ಸಿನಲ್ಲಿ ಒಲಿಂಪಿಯಾಕೋಸ್‌ನ ಪಂದ್ಯವಾದರೆ ಪಂದ್ಯ ಮುಗಿಯುವವರೆಗೂ ಹಾಡು ನಿಲ್ಲುವುದಿಲ್ಲ, ಎದುರಾಳಿ ಫ್ರೀ ಥ್ರೋಗೆ ನಿಂತರೆ ಶಿಳ್ಳೆಯ ಮಳೆ. ಆ ಗದ್ದಲದಲ್ಲೂ ಬುಟ್ಟಿಯ ಕೆಳಗಿನವನು ಮುಂದಿನ ನಾಲ್ವರಿಗೆ ಬೆನ್ನ ಹಿಂದಿನಿಂದ ಕೂಗಿ ಹೇಳುತ್ತಿರಬೇಕು: ಎಡಕ್ಕೆ ಸ್ಕ್ರೀನ್ ಬರುತ್ತಿದೆ, ಬದಲಾಯಿಸು, ನಿನ್ನವನನ್ನು ನಾನು ಹಿಡಿದೆ. ಮೈಕಿನಲ್ಲಿ ಆಗಾಗ ಆ ದನಿ ಕೇಳಿಸುತ್ತದೆ. ಯುರೋಲೀಗಿನ ಪಂದ್ಯಗಳು ಹೆಚ್ಚಾಗಿ ನಮ್ಮ ಮಧ್ಯರಾತ್ರಿಯ ಹೊತ್ತಿಗೆ ಇರುತ್ತವೆ, ಹೊಸಬರಿಗೆ ಅದು ತ್ರಾಸ. ಹಳೆಯ ಪಂದ್ಯಗಳನ್ನೇ ಹುಡುಕಿ ನೋಡಿ.

ಇಸ್ತಾಂಬುಲ್ ಫೈನಲ್ಲಿನಿಂದ ಶುರು ಮಾಡಬೇಡಿ. ಅದರ ಕೊನೆಯ ನಿಮಿಷದ ರೋಮಾಂಚನ ನಿಮ್ಮ ಕಣ್ಣನ್ನು ಮತ್ತೆ ಚೆಂಡಿಗೇ ಕಟ್ಟಿಹಾಕುತ್ತದೆ. 2013ರ ಲಂಡನ್ ಸೆಮಿಫೈನಲ್ ನೋಡಿ: ಒಲಿಂಪಿಯಾಕೋಸ್ 69, ಸಿಎಸ್‌ಕೆಎ 52. ಫಲಿತಾಂಶ ಹೇಳಿಯಾಗಿದೆ, ಇನ್ನು ಅಂಕ ನೋಡುವ ಹಂಗಿಲ್ಲ. ಅಷ್ಟು ದೊಡ್ಡ ತಂಡ 40 ನಿಮಿಷದಲ್ಲಿ 52ಕ್ಕೇ ನಿಂತದ್ದು ಹೇಗೆ ಎಂದು ಹೈನ್ಸ್‌ನ ಮೇಲೆ ಕಣ್ಣಿಟ್ಟು ಒಂದು ಕ್ವಾರ್ಟರ್ ನೋಡಿ. ಬೇಸರವಾದರೆ ಚೆಂಡಿನ ಕಡೆಗೆ ಮರಳಲು ಅಡ್ಡಿಯಿಲ್ಲ.