ವೆಲಿಂಗ್ಟನ್ನನ ಭಾವಚಿತ್ರದ ಸಾಕ್ಷ್ಯ

ಸಮವಸ್ತ್ರ ಧರಿಸಿದ ವ್ಯಕ್ತಿಯ ಭಾವಚಿತ್ರವು ಚರಿತ್ರಕಾರನಿಗೆ ಬಹು ಸುಲಭವಾದ ಆಕರವೆಂದು ತೋರುತ್ತದೆ. ಪದಕಗಳನ್ನು ಗುರುತಿಸಿದರೆ ಸಾಕು, ಚಿತ್ರದ ಕಾಲವು ತಾನಾಗಿ ನಿರ್ಣಯವಾಗುವುದೆಂದು ನಾವು ನಂಬುತ್ತೇವೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಸ್ಪೇನಿನ ಚಿತ್ರಕಾರ ಫ್ರಾನ್ಸಿಸ್ಕೊ ಗೋಯಾ ಬರೆದ ವೆಲಿಂಗ್ಟನ್ನನ ತೈಲವರ್ಣಚಿತ್ರವು ಈ ನಂಬಿಕೆಯನ್ನು ಅಲುಗಿಸತಕ್ಕದ್ದು. ಚಿತ್ರಿತನು ನಮ್ಮವರಿಗೆ ಅಪರಿಚಿತನಲ್ಲ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಅಲ್ಲಿಯ ದಂಡಾಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈತ.

1812ರ ಜುಲೈ 22ರಂದು ಸಾಲಮಾಂಕಾದಲ್ಲಿ ಫ್ರೆಂಚರನ್ನು ಸೋಲಿಸಿ, ಆಗಸ್ಟ್ 12ರಂದು ಈತನು ಮ್ಯಾಡ್ರಿಡ್ಡನ್ನು ಪ್ರವೇಶಿಸಿದನು. ಆ ತಿಂಗಳಲ್ಲಿಯೇ ಗೋಯಾ ಮಹಾಗನಿ ಹಲಗೆಯ ಮೇಲೆ ಈ ಚಿತ್ರವನ್ನು ಬರೆಯತೊಡಗಿದನು. ಆಗ ಅವನಿಗೆ 66 ವರ್ಷ. ಕಿವುಡನಾಗಿ ಸುಮಾರು ಇಪ್ಪತ್ತು ವರ್ಷಗಳು ಕಳೆದಿದ್ದವು. ಹಲಗೆಯ ಎತ್ತರ 64 ಸೆಂಟಿಮೀಟರಿನಷ್ಟು ಮಾತ್ರ. ಆದರೆ ಆ ಮುಖವನ್ನು ನೋಡಬೇಕು! ಅಗಲವಾದ ಕಣ್ಣುಗಳು, ತುಸುವೇ ತೆರೆದ ತುಟಿಗಳ ನಡುವೆ ಕಾಣುವ ಹಲ್ಲುಗಳು. ಸೇನಾನಿಗಳ ಚಿತ್ರಗಳಲ್ಲಿ ಬಿಗಿದ ಬಾಯಿಯೇ ವಾಡಿಕೆ. ಇಲ್ಲಿ ವಿಜಯಿಯ ಗರ್ವಕ್ಕಿಂತ ದಂಡಯಾತ್ರೆಯ ಆಯಾಸವೇ ಹೆಚ್ಚಾಗಿ ಕಾಣುತ್ತದೆ.

ಸಮವಸ್ತ್ರದ ಕಥೆ ಬೇರೆ. ಎರಡು ವರ್ಷಗಳಲ್ಲಿ ಇವನಿಗೆ ಹೊಸ ಗೌರವಗಳು ಬಂದವು. ಅವಕ್ಕೆ ಅನುಗುಣವಾಗಿ ಗೋಯಾ 1814ರಲ್ಲಿ ಎದೆಯ ಭಾಗವನ್ನು ತಿದ್ದಿದನು; 'ಗೋಲ್ಡನ್ ಫ್ಲೀಸ್' ಬಿರುದಿನ ಲಾಂಛನವೂ ಸೈನಿಕ ಸ್ವರ್ಣಶಿಲುಬೆಯೂ ಆಗ ಸೇರಿದವು. ಈ ಹೊರೆಯಿಂದ ಚಿತ್ರವು ಕೆಟ್ಟಿತೆಂದು ಆಕ್ಷೇಪಿಸಬಹುದು. ನಮಗೆ ಹಾಗೆನಿಸುವುದಿಲ್ಲ. ಪದಕಗಳನ್ನು ಅಕ್ಕಸಾಲಿಗನಂತೆ ಎಣಿಸಿ ಬರೆಯುವ ಗೋಜಿಗೆ ಗೋಯಾ ಹೋಗಲಿಲ್ಲ. ಉತ್ತಮ ಪ್ರತಿಕೃತಿಗಳಲ್ಲಿಯೂ ಇದು ತಿಳಿಯುತ್ತದೆ: ಹತ್ತಿರದಿಂದ ನೋಡಿದರೆ ಹಳದಿ ಬಿಳಿ ಬಣ್ಣಗಳ ದಪ್ಪ ಕುಂಚದ ಗುರುತುಗಳು, ದೂರದಿಂದ ನೋಡಿದರೆ ಹೊಳೆಯುವ ಜರತಾರಿ. ಚಿನ್ನವನ್ನು ಹೀಗೆ ಅವಸರದಿಂದ ಮುಗಿಸಿದ ಕೈಯೇ ಕಣ್ಣಿನ ರೆಪ್ಪೆಗಳ ಮೇಲೆ ತಾಳ್ಮೆಯಿಂದ ನಿಂತಿದೆ. ವಾಸ್ತವಿಕತೆಯೆಂಬುದು ಗುಂಡಿಗಳ ಸಂಖ್ಯೆಯಲ್ಲಿದೆಯೆಂದು ವಾದಿಸುವವರು ಇದನ್ನು ಗಮನಿಸಬೇಕು.

ಅದೇ 1814ರಲ್ಲಿ ಗೋಯಾ, 1808ರ ಮೇ 3ರಂದು ಮ್ಯಾಡ್ರಿಡ್ಡಿನಲ್ಲಿ ಫ್ರೆಂಚರು ನಡೆಸಿದ ಕೊಲೆಗಳ ಚಿತ್ರವನ್ನೂ ಬರೆದನು. ಅದರಲ್ಲಿ ಬಂದೂಕು ಹಿಡಿದ ಸೈನಿಕರ ಬೆನ್ನುಗಳಷ್ಟೇ ಕಾಣುತ್ತವೆ. ಮುಖವಿರುವುದು ಬಿಳಿ ಅಂಗಿ ತೊಟ್ಟು ಸಾವಿಗೆದುರಾಗಿ ನಿಂತ ಬಡವನಿಗೆ.

ಹೀಗಿರುವಲ್ಲಿ, ವೆಲಿಂಗ್ಟನ್ನನ ಈ ಚಿತ್ರವನ್ನು ತರಗತಿಯಲ್ಲಿ ಮ್ಯಾಡ್ರಿಡ್ ಪ್ರವೇಶದ ದಿನದ ವೇಷವೆಂದು ತೋರಿಸುವುದು ತಪ್ಪು. ಪದಕಗಳನ್ನು ನಂಬಿ ಇಡೀ ಚಿತ್ರವೇ 1814ರದೆಂದು ಹೇಳುವುದೂ ತಪ್ಪೇ. ಕೆಳಗೆ ಎರಡೂ ವರ್ಷಗಳನ್ನು ಬರೆದು, ಯಾವ ವರ್ಷವು ಚಿತ್ರದ ಯಾವ ಭಾಗಕ್ಕೆ ಸಲ್ಲುವುದೆಂದು ವಿದ್ಯಾರ್ಥಿಗಳನ್ನೇ ಕೇಳಬೇಕು.