ಚಿಕ್ಕಲ್ಲೂರಿನ ಚಂದ್ರಮಂಡಲ: ರಸಿಕರಿಗೊಂದು ಕೈಪಿಡಿ

ಪ್ರಕೃತಿಯನ್ನೂ ಬ್ರಹ್ಮಾಂಡವನ್ನೂ ಧ್ಯಾನಿಸಿ ಬಿಡಿಸಿದ ಚಿತ್ರಗಳು ಎಂದರೆ ಕರ್ನಾಟಕದ ಕಲಾಸಕ್ತರಿಗೆ ನೆನಪಾಗುವುದು ನಿಕೊಲಾಯ್ ರೋರಿಕ್ ಅವರ ಹಿಮಾಲಯ, ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿದ್ದ ಅವರ ಮಗ ಸ್ವೆಟೊಸ್ಲಾವ್ ಅವರ ಬಣ್ಣಗಳು. ಚಿತ್ರಕಲಾ ಪರಿಷತ್ತಿನ ಗೋಡೆಯ ಮೇಲಿರುವ ಆ ಚಿತ್ರಗಳು ಕಲಾವಿದ ಕುಂಚ ಕೆಳಗಿಟ್ಟ ಗಳಿಗೆಯಲ್ಲೇ ಪೂರ್ಣಗೊಂಡವು. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಅದೇ ಹಂಬಲ ಬೇರೊಂದು ದಾರಿ ಹಿಡಿದಿದೆ. ಇಲ್ಲಿನವರು ಜಗತ್ತಿನ ಚಿತ್ರವನ್ನು ಬಿದಿರಿನಲ್ಲಿ ಕಟ್ಟುತ್ತಾರೆ, ತಂಬೂರಿ ಮೀಟಿ ಹಾಡುತ್ತಾರೆ. ಕೊನೆಯ ಗೆರೆಯನ್ನು ಮಾತ್ರ ತಾವು ಎಳೆಯದೆ ಗಾಳಿಗೆ, ಮಳೆಗೆ, ಮರಕ್ಕೆ ಬಿಟ್ಟುಕೊಡುತ್ತಾರೆ. ಈ ಕಲೆಯ ಅಧ್ಯಾತ್ಮವಿರುವುದು ಹಾಗೆ ಬಿಟ್ಟುಕೊಟ್ಟ ಜಾಗದಲ್ಲಿ ಎಂಬುದು ನನ್ನ ವಾದ. ಹೊಸದಾಗಿ ನೋಡಬಂದವರು ಮೊದಲು ಹುಡುಕಬೇಕಾದದ್ದೂ ಅದನ್ನೇ.

ಇದಕ್ಕೆ ಚಿಕ್ಕಲ್ಲೂರು ಜಾತ್ರೆಗಿಂತ ಒಳ್ಳೆಯ ಪಾಠವಿಲ್ಲ. ಬನದ ಹುಣ್ಣಿಮೆಯ ರಾತ್ರಿ ಸಿದ್ದಪ್ಪಾಜಿ ಗದ್ದುಗೆಯ ಮುಂದೆ ಚಂದ್ರಮಂಡಲಕ್ಕೆ ಬೆಂಕಿ ಮುಟ್ಟಿಸುವುದರೊಂದಿಗೆ ಐದು ದಿನಗಳ ಜಾತ್ರೆ ಆರಂಭವಾಗುತ್ತದೆ. ಹೆಚ್ಚಿನವರು ಬೆಂಕಿಯ ಹೊತ್ತಿಗೆ ಬಂದು ಬೆಂಕಿಯನ್ನಷ್ಟೇ ಕಂಡು ಹೋಗುತ್ತಾರೆ. ರಸಿಕನಾದವನು ಬೆಳಕಿರುವಾಗಲೇ ಬರಬೇಕು. ಸುತ್ತಲ ಊರಿನವರು ತಂದ ಬಿದಿರು ಹೇಗೆ ನಿಲ್ಲುತ್ತದೆ, ಅದಕ್ಕೆ ಬಟ್ಟೆ ಹೇಗೆ ಸುತ್ತುತ್ತಾರೆ ಎಂಬುದನ್ನು ಗಮನಿಸಬೇಕು. ಮೇಲೆ ಪೂರ್ಣಚಂದ್ರ, ಕೆಳಗೆ ಮನುಷ್ಯರು ಕಟ್ಟಿದ ಮಂಡಲ: ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಚಿತ್ರ ಅರ್ಧವಾಗುತ್ತದೆ. ಬೊಪ್ಪೇಗೌಡನಪುರದ ಮಂಟೇಸ್ವಾಮಿ ಮಠದ ಗುರುಗಳು ಬೆಂಕಿ ಮುಟ್ಟಿಸಿದ ಮೇಲೆ ಜನರ ಕಣ್ಣೆಲ್ಲ ಜ್ವಾಲೆ ಬಾಗುವ ದಿಕ್ಕಿನ ಮೇಲೆ. ಅದು ಯಾವ ಕಡೆ ವಾಲುತ್ತದೋ ಆ ಸೀಮೆಗೆ ಒಳ್ಳೆಯ ಮಳೆ ಬೆಳೆ ಎಂಬುದು ನಂಬಿಕೆ. ರೂಪ ಕಟ್ಟಿದವರು ಮನುಷ್ಯರು, ಅದರ ಅರ್ಥ ಬರೆಯುವುದು ಗಾಳಿ.

ಕಣ್ಣಿಗೆ ಕಂಡ ಇದನ್ನು ಕಿವಿಯಿಂದಲೂ ತಿಳಿಯಬೇಕು. ಜಾತ್ರೆಯಲ್ಲಿ ಮಂಟೇಸ್ವಾಮಿ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ, ಡಕ್ಕೆ, ಗಗ್ಗರಗಳೊಂದಿಗೆ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಜಗತ್ತಿನ ಸೃಷ್ಟಿಯ ಕಥೆಯೂ ಇದೆ. ಅಲ್ಲಿ ಮಂಟೇಸ್ವಾಮಿ ಪರಂಜ್ಯೋತಿ, ಧರೆಗೆ ದೊಡ್ಡವರು. ಇದೇ ಜ್ಯೋತಿ ಮುಂದೆ ಕಲ್ಯಾಣಕ್ಕೆ ಬರುವುದು ಕೀವು ಸೋರುವ, ನಾರುವ ಮೈ ಹೊತ್ತು. ಬ್ರಹ್ಮಾಂಡವನ್ನು ಬೆಳಗಿದ್ದನ್ನು ಜನ ಮೂಗು ಮುಚ್ಚಿಕೊಂಡು ದೂರ ಸರಿಯುವ ದೇಹದೊಳಗೆ ಇಟ್ಟ ಧೈರ್ಯ ನಮ್ಮ ಶಿಷ್ಟ ಕಾವ್ಯದಲ್ಲಿ ಅಪರೂಪ. ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಕೂಡ ನಿಡಘಟ್ಟದ ಕಮ್ಮಾರರ ಮನೆಯ ಕೆಂಪಾಚಾರಿ; ಗುರು ಮಂಟೇಸ್ವಾಮಿಗಾಗಿ ಕಬ್ಬಿಣದ ಭಿಕ್ಷೆ ಬೇಡಿ ಹಲಗೂರಿನ ಪಾಂಚಾಳರ ಮುಂದೆ ನಿಂತವನು. ಕುಲುಮೆಯ ಬೆಂಕಿ ಬಲ್ಲವನ ಗದ್ದುಗೆಯ ಮುಂದೆ ಚಂದ್ರಮಂಡಲ ಉರಿಯುತ್ತದೆ ಎಂಬುದು ಮನಸ್ಸಿಗೆ ಬಂದರೆ ಆ ಬೆಂಕಿಯ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಈ ಕಥೆಯಲ್ಲಿ ಆಕಾಶದ ಬೆಳಕು ದುಡಿಮೆಯಿಂದ, ರೋಗದಿಂದ, ಹಸಿವಿನಿಂದ ದೂರ ನಿಂತದ್ದೇ ಇಲ್ಲ.

ಇದು ಬರೀ ಮಳೆಯ ಶಕುನ, ಕಲೆ ಹೇಗಾದೀತು ಎಂದು ಕೇಳುವವರಿದ್ದಾರೆ. ಜ್ವಾಲೆ ಬಾಗಿದ ಕಡೆ ಮಳೆ ಬರುತ್ತದೆಂಬುದಕ್ಕೆ ಆಧಾರವಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ಮಳೆಯನ್ನೇ ನೆಚ್ಚಿ ರಾಗಿ ಬಿತ್ತುವವರು ಬೆಂಕಿಯ ಒಂದು ಬಾಗನ್ನು ನೋಡುವ ಏಕಾಗ್ರತೆ ಯಾವ ಗ್ಯಾಲರಿಯಲ್ಲಿ ಸಿಕ್ಕೀತು? ಶಕುನವನ್ನು ನಂಬದವರೂ ಆ ನೋಟವನ್ನು ಕಲಿಯಬಹುದು. ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು: ಭಕ್ತಿಯನ್ನು ಕಲೆಯೆಂದು ಕರೆದರೆ ಅದನ್ನು ಬರಿದು ಮಾಡಿದಂತಲ್ಲವೇ? ನಂಬಿಕೆಯನ್ನು ಬದಿಗಿಟ್ಟು ಫೋಟೋಗೆ ಒದಗುವ ದೃಶ್ಯವನ್ನಷ್ಟೇ ಉಳಿಸಿಕೊಂಡರೆ ಈ ಮಾತು ನಿಜ. ನಾನು ಹೇಳುತ್ತಿರುವುದು ಅದಲ್ಲ. ಇಲ್ಲಿ ನಂಬಿಕೆಯೇ ರೂಪವನ್ನು ನಿರ್ಧರಿಸಿದೆ. ಸುಟ್ಟುಹೋಗಲೆಂದೇ ಕಟ್ಟಬೇಕು, ಮರುವರ್ಷ ಮತ್ತೆ ಕಟ್ಟಬೇಕು, ಯಾರ ಸಹಿಯೂ ಇರಬಾರದು ಎಂಬ ಆಯ್ಕೆಗಳೆಲ್ಲ ಭಕ್ತಿಯಿಂದ ಬಂದವು. ಅವನ್ನು ಕಲೆಯ ಆಯ್ಕೆಗಳೆಂದು ಗುರುತಿಸಿದರೆ ಭಕ್ತಿಗೆ ಕೊರತೆಯೇನೂ ಇಲ್ಲ.

ಇದೊಂದೇ ಜಾತ್ರೆಯನ್ನು ಹಿಡಿದು ಇಡೀ ಸೀಮೆಯ ಮಾತು ಆಡಬಹುದೇ ಎಂಬ ಅನುಮಾನಕ್ಕೆ ಯಳಂದೂರಿನ ಬಿಳಿಗಿರಿ ಬೆಟ್ಟ ಉತ್ತರ ಕೊಡುತ್ತದೆ. ಅಲ್ಲಿ ಭಾರ್ಗವಿ ಹೊಳೆಯ ಪಕ್ಕದ ದೊಡ್ಡಸಂಪಿಗೆಗೆ ಸೋಲಿಗರು ನಡೆದುಕೊಳ್ಳುತ್ತಾರೆ. ಅಲ್ಲಿ ಮರವೇ ದೇವರು, ಮರವೇ ಗುಡಿ. ಬೆಳೆಯುವ, ಹೂಬಿಡುವ ಆ ವಿಗ್ರಹಕ್ಕೆ ಉಳಿ ತಾಕಿಸಿದವರಿಲ್ಲ. ಬೆಟ್ಟದ ರಂಗನಾಥ ಕೂಡ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ‘ರಂಗಭಾವ’, ನೆಂಟ. ಹನೂರಿನ ಕಡೆ ಕಂಸಾಳೆಯವರು ಹಾಡುವ ಮಾದೇಶ್ವರ ಹುಲಿಯೇರಿ ಎಪ್ಪತ್ತೇಳು ಮಲೆ ಸುತ್ತುತ್ತಾನೆ. ಆ ಕಾವ್ಯದ ಕಥಾಭಾಗಗಳನ್ನು ಸಾಲು ಎನ್ನುತ್ತಾರೆ; ಅವುಗಳಲ್ಲೊಂದಾದ ಸಂಕಮ್ಮನ ಸಾಲಿನಲ್ಲಿ ಕಾಡನ್ನು ಹಿನ್ನೆಲೆಯೆಂದು ತೆಗೆದಿಟ್ಟರೆ ಕಥೆಯೇ ಮುಂದೆ ಸಾಗದು. ಆದ್ದರಿಂದ ಸಾಲೊಂದನ್ನು ಕೇಳಲು ಕೂತಾಗ ಪವಾಡಗಳನ್ನು ಎಣಿಸುವುದಕ್ಕಿಂತ, ಮಲೆ, ಹುಲಿ, ಜೇನು, ಬಿದಿರು ಯಾವ ಗಳಿಗೆಯಲ್ಲಿ ಕಥೆಯ ದಿಕ್ಕು ತಿರುಗಿಸುತ್ತವೆ ಎಂಬುದರ ಕಡೆ ಕಿವಿ ಇಡಿ. ಅರ್ಥವಾಗದ ಮಾತು ಬಂದರೆ ಪಕ್ಕದಲ್ಲಿ ಕೂತ ಒಕ್ಕಲಿನವರನ್ನು ಕೇಳಿ. ಹೇಳಿಕೊಡುವವರು ಅಲ್ಲಿ ಇದ್ದೇ ಇರುತ್ತಾರೆ.